ಮೂವತ್ತೊಂಬತ್ತು ಅಂಕೆಗಳ ಒಂದು ಅವಿಭಾಜ್ಯ ಸಂಖ್ಯೆ ಮತ್ತು ಅದರ ಸಾಕ್ಷ್ಯ

170141183460469231731687303715884105727 ಎಂಬ ಸಂಖ್ಯೆಯು ಅವಿಭಾಜ್ಯವೆಂದು ಫ್ರಾನ್ಸಿನ ಎದುವಾರ್ ಲ್ಯೂಕಾಸ್ ಎಂಬ ಅಧ್ಯಾಪಕನು 1876ರಲ್ಲಿ ಪ್ರಕಟಪಡಿಸಿದನು. ಎರಡನ್ನು ನೂರಿಪ್ಪತ್ತೇಳು ಬಾರಿ ಬರೆದು ಗುಣಿಸಿ, ಬಂದ ಗುಣಲಬ್ಧದಿಂದ ಒಂದನ್ನು ಕಳೆದರೆ ಈ ಸಂಖ್ಯೆ ದೊರೆಯುತ್ತದೆ. ಆದುದರಿಂದ ಇದನ್ನು 2¹²⁷ − 1 ಎಂದು ಸಂಕ್ಷೇಪವಾಗಿ ಬರೆಯುವುದು ವಾಡಿಕೆ. ಒಂದರಿಂದಲೂ ತನ್ನಿಂದಲೂ ಅಲ್ಲದೆ ಬೇರಾವ ಪೂರ್ಣಸಂಖ್ಯೆಯಿಂದಲೂ ಇದು ನಿಃಶೇಷವಾಗಿ ಭಾಗವಾಗದು. 1951ರವರೆಗೆ, ಎಂದರೆ ಎಪ್ಪತ್ತೈದು ವರ್ಷಗಳ ಕಾಲ, ಇದಕ್ಕಿಂತ ದೊಡ್ಡದಾದ ಅವಿಭಾಜ್ಯ ಸಂಖ್ಯೆ ಯಾವುದೂ ಯಾರಿಗೂ ತಿಳಿದಿರಲಿಲ್ಲ. ಯಂತ್ರದ ನೆರವಿಲ್ಲದೆ ಕೈಲೆಕ್ಕದಿಂದಲೇ ಗೊತ್ತುಮಾಡಿದ ಅವಿಭಾಜ್ಯಗಳಲ್ಲಿ ಇಂದಿಗೂ ಇದೇ ಅತ್ಯಂತ ದೊಡ್ಡದು.

ಸಂಖ್ಯೆಗಳ ಗುಣಧರ್ಮಗಳನ್ನು ವಿವೇಚಿಸುವುದು ಗಣಿತಜ್ಞರ ಕಾರ್ಯ. ಚರಿತ್ರೆಯನ್ನು ಬೋಧಿಸುವವನಿಗೆ ಇಲ್ಲೇನು ಕೆಲಸವೆಂದು ವಾಚಕರು ಕೇಳಬಹುದು. ಈ ಸಂಖ್ಯೆ ಅವಿಭಾಜ್ಯವೆಂಬ ಮಾತು ಮೊದಲು ಅಚ್ಚಾದುದು 1644ರಲ್ಲಿ. ಅಂದಿನಿಂದ 1876ರವರೆಗೆ ಆ ಮಾತಿಗೆ ಅದನ್ನು ನುಡಿದವನ ಹೆಸರಿನ ಹೊರತು ಬೇರೆ ಆಧಾರವಿರಲಿಲ್ಲ. 1876ರಿಂದ 1914ರವರೆಗೆ, ತಾನು ಲೆಕ್ಕ ಮಾಡಿ ನೋಡಿರುವೆನೆಂಬ ಒಬ್ಬನೇ ವ್ಯಕ್ತಿಯ ಹೇಳಿಕೆ ಆಧಾರವಾಗಿದ್ದಿತು. ಒಂದು ತಾಮ್ರಪಟ ಕೈಗೆ ಬಂದಾಗ ನಾವು ಕೇಳುವ ಪ್ರಶ್ನೆಗಳೆಂದರೆ, ಬರೆಯಿಸಿದವನಾರು, ಅವನಿಗೆ ವಿಷಯ ತಿಳಿದಿರಲು ಸಾಧ್ಯವಿದ್ದಿತೆ, ಲಿಪಿಕಾರನು ತಪ್ಪಿದನೆ, ಇನ್ನೊಂದು ಸಾಕ್ಷ್ಯವುಂಟೆ ಎಂಬಿವು. ನಿಶ್ಚಯಕ್ಕೆ ಹೆಸರಾದ ಶಾಸ್ತ್ರದಲ್ಲಿಯೂ ಇದೇ ಪ್ರಶ್ನೆಗಳನ್ನು ಕೇಳಬೇಕಾಗಿ ಬಂದ ಪ್ರಸಂಗವಿದು. ಶಬ್ದಪ್ರಮಾಣವಾಗಿ ಮೊದಲಾದುದು ಹೇಗೆ ಬೇರೊಂದು ಬಗೆಯ ಪ್ರಮಾಣವಾಯಿತೆಂಬುದೇ ಪ್ರಸ್ತುತ ಲೇಖನದ ವಿಷಯ.

ಇಂತಹ ಸಂಖ್ಯೆಗಳ ಮೇಲಣ ಆಸಕ್ತಿ ಬಹಳ ಹಳೆಯದು. 6ರ ಭಾಜಕಗಳಾದ 1, 2, 3 ಎಂಬಿವನ್ನು ಕೂಡಿಸಿದರೆ ಮತ್ತೆ 6 ಬರುತ್ತದೆ. 28ರ ಭಾಜಕಗಳಾದ 1, 2, 4, 7, 14 ಎಂಬಿವುಗಳ ಮೊತ್ತ 28. ಗ್ರೀಕರು ಇವನ್ನು ಪರಿಪೂರ್ಣ ಸಂಖ್ಯೆಗಳೆಂದು ಕರೆದರು. ಎರಡರ ಒಂದು ಘಾತದಿಂದ ಒಂದನ್ನು ಕಳೆದು ಬಂದುದು ಅವಿಭಾಜ್ಯವಾದರೆ, ಅದರಿಂದ ಒಂದು ಪರಿಪೂರ್ಣ ಸಂಖ್ಯೆಯನ್ನು ಪಡೆಯಬಹುದೆಂದು ಯೂಕ್ಲಿಡನು ತನ್ನ ಗ್ರಂಥದ ಒಂಬತ್ತನೆಯ ಭಾಗದ ಕೊನೆಯಲ್ಲಿ ಸಾಧಿಸಿದನು. 3ರಿಂದ 6, 7ರಿಂದ 28, 31ರಿಂದ 496, 127ರಿಂದ 8128 ಬರುತ್ತವೆ. ಪ್ರಾಚೀನರಿಗೆ ತಿಳಿದಿದ್ದುದು ಈ ನಾಲ್ಕೇ. ಘಾತಾಂಕವು ಅವಿಭಾಜ್ಯವಾಗಿದ್ದಾಗ ಮಾತ್ರ ಬರುವ ಸಂಖ್ಯೆ ಅವಿಭಾಜ್ಯವಾಗಬಲ್ಲುದು. ಆದರೆ ಅಷ್ಟರಿಂದಲೇ ಆಗುವುದೆಂಬ ನಿಶ್ಚಯವಿಲ್ಲ. ಘಾತಾಂಕ 11 ಆದಾಗ ಬರುವ 2047ನ್ನು 23 ಮತ್ತು 89 ಭಾಗಿಸುತ್ತವೆಂಬುದು 1536ರ ಒಂದು ಗ್ರಂಥದಲ್ಲಿ ಕಂಡುಬರುತ್ತದೆ. ಅಲ್ಲಿಂದ ಈಚೆಗೆ ಯಾವ ಘಾತಾಂಕಗಳು ಸಲ್ಲುತ್ತವೆ, ಯಾವುವು ಸಲ್ಲುವುದಿಲ್ಲವೆಂಬುದು ಒಂದು ಪ್ರತ್ಯೇಕ ಪ್ರಶ್ನೆಯಾಯಿತು.

ಇಟಲಿಯ ಬೊಲೋನದಲ್ಲಿ ಅಧ್ಯಾಪಕನಾಗಿದ್ದ ಕತಾಲ್ಡಿಯು ಈ ಪ್ರಶ್ನೆಯನ್ನು ಅತ್ಯಂತ ನೇರವಾದ ಮಾರ್ಗದಿಂದ ಎದುರಿಸಿದನು. 750ರವರೆಗಿನ ಅವಿಭಾಜ್ಯಗಳ ಪಟ್ಟಿಯನ್ನು ಸಿದ್ಧಮಾಡಿಕೊಂಡು, ಅವುಗಳಲ್ಲಿ ಒಂದೊಂದರಿಂದಲೂ ಭಾಗಿಸಿ ನೋಡಿ, 131071 ಮತ್ತು 524287 ಅವಿಭಾಜ್ಯಗಳೆಂದು 1588ರಲ್ಲಿ ಗೊತ್ತುಮಾಡಿದನು. ಇವು ಘಾತಾಂಕ 17 ಮತ್ತು 19ಕ್ಕೆ ಸಂಬಂಧಿಸಿದವು. 524287ರ ವರ್ಗಮೂಲ 724ರಷ್ಟು ಇರುವುದರಿಂದ 750ರ ಪಟ್ಟಿ ಅವನಿಗೆ ಸಾಕಾಯಿತು. ಅಷ್ಟಕ್ಕೇ ನಿಂತಿದ್ದರೆ ಅವನ ಕೀರ್ತಿ ಕಳಂಕರಹಿತವಾಗಿರುತ್ತಿತ್ತು. 23, 29, 31, 37 ಎಂಬ ಘಾತಾಂಕಗಳೂ ಸಲ್ಲುತ್ತವೆಂದು ಅವನು ಪರೀಕ್ಷಿಸದೆಯೇ ಹೇಳಿಬಿಟ್ಟನು. ಅವುಗಳಲ್ಲಿ 31 ಒಂದೇ ನಿಜವಾಯಿತು.

ಈ ಹಂತದಲ್ಲಿ ಪ್ಯಾರಿಸಿನ ಮಾರೆನ್ ಮೆರ್ಸೆನ್ನನು ಕಾಣಿಸಿಕೊಳ್ಳುತ್ತಾನೆ. 1588ರಲ್ಲಿ ಹುಟ್ಟಿ 1648ರಲ್ಲಿ ತೀರಿಕೊಂಡ ಈತನು ಕ್ರೈಸ್ತ ಸಂನ್ಯಾಸಿ. ವೈಜ್ಞಾನಿಕ ಪತ್ರಿಕೆಗಳಾಗಲಿ ಪರಿಷತ್ತುಗಳಾಗಲಿ ಇಲ್ಲದಿದ್ದ ಕಾಲದಲ್ಲಿ ಅವನ ಮಠದ ಕೋಣೆಯೇ ಯೂರೋಪಿನ ವಿದ್ವಾಂಸರ ಅಂಚೆಯ ಮನೆಯಾಗಿದ್ದಿತು. ದೆಕಾರ್ತ್, ಫರ್ಮಾ ಮೊದಲಾದವರ ಪತ್ರಗಳು ಅವನಿಗೆ ಬರುತ್ತಿದ್ದವು; ಅವನು ಅವನ್ನು ಇತರರಿಗೆ ತಿಳಿಸುತ್ತಿದ್ದನು. 1644ರಲ್ಲಿ ಪ್ರಕಟವಾದ ಒಂದು ಗ್ರಂಥದ ಪೀಠಿಕೆಯಲ್ಲಿ ಅವನು ಘಾತಾಂಕಗಳ ಒಂದು ಪಟ್ಟಿಯನ್ನು ಕೊಟ್ಟನು: 2, 3, 5, 7, 13, 17, 19, 31, 67, 127, 257. 257ರವರೆಗಿನ ಘಾತಾಂಕಗಳಲ್ಲಿ ಇವು ಮಾತ್ರ ಅವಿಭಾಜ್ಯವನ್ನು ಕೊಡುತ್ತವೆ, ಬೇರಾವುವೂ ಕೊಡುವುದಿಲ್ಲ ಎಂಬುದು ಅವನ ಹೇಳಿಕೆ. ಕಾರಣವನ್ನು ಅವನು ಹೇಳಲಿಲ್ಲ. ವಿಶೇಷವೇನೆಂದರೆ, ಹದಿನೈದು ಇಪ್ಪತ್ತು ಅಂಕೆಗಳ ಸಂಖ್ಯೆಯೊಂದು ಅವಿಭಾಜ್ಯವೇ ಅಲ್ಲವೇ ಎಂದು ಪರೀಕ್ಷಿಸಲು ಕಾಲವೆಲ್ಲವೂ ಸಾಲದೆಂಬ ಅಭಿಪ್ರಾಯವನ್ನೂ ಅವನೇ ವ್ಯಕ್ತಪಡಿಸಿದ್ದಾನೆ. ಅವನ ಪಟ್ಟಿಯ ಕೊನೆಯ ಸಂಖ್ಯೆಗೆ ಎಪ್ಪತ್ತೆಂಟು ಅಂಕೆಗಳು. ಇದನ್ನು ಓದಿದವರು ಆ ಪಟ್ಟಿ ಲೆಕ್ಕದಿಂದ ಬಂದುದಲ್ಲವೆಂದು ಆಗಲೇ ಊಹಿಸಬಹುದಿತ್ತು.

ಹಾಗಾದರೆ ಎಲ್ಲಿಂದ ಬಂದಿತು? ಈ ಹನ್ನೊಂದು ಘಾತಾಂಕಗಳೂ ಎರಡರ ಒಂದು ಘಾತಕ್ಕೆ ಒಂದನ್ನು ಕೂಡಿಸಿದರೆ ಅಥವಾ ಕಳೆದರೆ ಬರುವಂತಹವು, ಇಲ್ಲವೆ ನಾಲ್ಕರ ಒಂದು ಘಾತಕ್ಕೆ ಮೂರನ್ನು ಕೂಡಿಸಿದರೆ ಅಥವಾ ಕಳೆದರೆ ಬರುವಂತಹವು. 31 ಎಂದರೆ 32ಕ್ಕೆ ಒಂದು ಕಡಮೆ. 67 ಎಂದರೆ 64ಕ್ಕೆ ಮೂರು ಹೆಚ್ಚು. 127 ಎಂದರೆ 128ಕ್ಕೆ ಒಂದು ಕಡಮೆ. 257 ಎಂದರೆ 256ಕ್ಕೆ ಒಂದು ಹೆಚ್ಚು. ಇಂತಹ ಒಂದು ನಿಯಮವನ್ನು ಮನಸ್ಸಿನಲ್ಲಿಟ್ಟುಕೊಂಡೇ ಅವನು ಪಟ್ಟಿಯನ್ನು ರಚಿಸಿರಬೇಕೆಂದು ಈಚಿನವರು ತರ್ಕಿಸಿದ್ದಾರೆ. 257ರ ಒಳಗೆ ಈ ನಿಯಮಕ್ಕೆ ಹೊಂದುವ ಅವಿಭಾಜ್ಯ ಘಾತಾಂಕಗಳನ್ನೆಲ್ಲ ಬರೆದು ನೋಡಿದರೆ, ಅವನ ಪಟ್ಟಿಯಲ್ಲಿರುವ ಹನ್ನೊಂದರೊಡನೆ ಇನ್ನೊಂದೇ ಒಂದು ಹೆಚ್ಚಾಗಿ ದೊರೆಯುತ್ತದೆ. ಅದು 61, ಎಂದರೆ 64ಕ್ಕೆ ಮೂರು ಕಡಮೆ. ಆ 61 ನಿಜವಾಗಿಯೂ ಸಲ್ಲುವ ಘಾತಾಂಕ. ಪಟ್ಟಿಯಲ್ಲಿರುವ 67 ಸಲ್ಲದು. ಆದುದರಿಂದ 61 ಎಂದಿದ್ದುದು ಅಚ್ಚಿನಲ್ಲಿ 67 ಆಯಿತೆಂದು ಮೆರ್ಸೆನ್ನನ ಪಕ್ಷವಹಿಸಿ ವಾದಿಸಿದವರೂ ಉಂಟು. ಶಾಸನಗಳನ್ನು ಓದುವ ನಮಗೆ ಲಿಪಿಕಾರನ ಮೇಲೆ ದೋಷ ಹೊರಿಸುವ ಈ ಯುಕ್ತಿ ಹೊಸದಲ್ಲ. ಆದರೆ ಇದರಿಂದ ಅವನಿಗೆ ಪೂರ್ಣ ರಕ್ಷೆ ದೊರೆಯದು. ಏಕೆಂದರೆ 89 ಮತ್ತು 107 ಎಂಬ ಸಲ್ಲುವ ಘಾತಾಂಕಗಳನ್ನೂ ಅವನು ಬಿಟ್ಟಿದ್ದಾನೆ, ಸಲ್ಲದ 257ನ್ನು ಸೇರಿಸಿದ್ದಾನೆ. 127ರ ವಿಷಯದಲ್ಲಿ ಅವನ ಮಾತು ನಿಜವಾಯಿತೆಂಬುದು ದಿಟ. ನಿಜವನ್ನು ನುಡಿಯುವುದು ಬೇರೆ, ನಿಜವೆಂದು ತಿಳಿದು ನುಡಿಯುವುದು ಬೇರೆ. ಅವನಲ್ಲಿದ್ದುದು ಮೊದಲನೆಯದು ಮಾತ್ರ.

ಪಟ್ಟಿಯ ಪರೀಕ್ಷೆಯಲ್ಲಿ ಮೊದಲ ದೊಡ್ಡ ಹೆಜ್ಜೆಯನ್ನು ಇಟ್ಟವನು ಆಯ್ಲರನು. ಘಾತಾಂಕವು ಅವಿಭಾಜ್ಯವಾಗಿದ್ದರೆ, ಅದರಿಂದ ಬರುವ ಸಂಖ್ಯೆಯ ಯಾವ ಭಾಜಕವೇ ಆಗಲಿ ಆ ಘಾತಾಂಕದ ಇಮ್ಮಡಿಯ ಯಾವುದೋ ಅಪವರ್ತ್ಯಕ್ಕಿಂತ ಒಂದು ಹೆಚ್ಚಾಗಿರಬೇಕೆಂಬುದನ್ನು ಫರ್ಮಾ 1640ರಲ್ಲಿಯೇ ಕಂಡುಕೊಂಡಿದ್ದನು. ಅದೇ ಸೂತ್ರವನ್ನು ಹಿಡಿದು ಕತಾಲ್ಡಿಯ 23 ಮತ್ತು 37ನ್ನು ಅವನು ತಳ್ಳಿಹಾಕಿದ್ದನು. ಇದರೊಡನೆ ಇನ್ನೊಂದು ನಿರ್ಬಂಧವನ್ನು ಸೇರಿಸಿದರೆ, 2³¹ − 1 ಎಂಬುದರ ಭಾಜಕವನ್ನು 248ರಿಂದ ಭಾಗಿಸಿದಾಗ ಶೇಷವು 1 ಇಲ್ಲವೆ 63 ಮಾತ್ರ ಆಗಿರಬಹುದು. 2147483647ರ ವರ್ಗಮೂಲವಾದ ಸುಮಾರು 46340ರ ಒಳಗೆ ಅಂತಹ ಸಂಖ್ಯೆಗಳು ನಾನೂರಕ್ಕೂ ಕಡಮೆ. ಅವುಗಳಲ್ಲಿಯೂ ಅವಿಭಾಜ್ಯವಾದವನ್ನು ಮಾತ್ರ ನೋಡಿದರೆ ಸಾಕು. ಹೀಗೆ ಪರೀಕ್ಷಿಸಿ ಆ ಸಂಖ್ಯೆ ಅವಿಭಾಜ್ಯವೆಂದು ಆಯ್ಲರನು 1772ರಲ್ಲಿ ತಿಳಿಸಿದನು. ಇದರಿಂದ ದೊರೆಯುವ ಪರಿಪೂರ್ಣ ಸಂಖ್ಯೆಗಿಂತ ದೊಡ್ಡದನ್ನು ಇನ್ನಾರೂ ಕಂಡುಹಿಡಿಯಲಾರರು, ಉಪಯೋಗವಿಲ್ಲದ ಈ ಕುತೂಹಲಕ್ಕಾಗಿ ಯಾರೂ ಶ್ರಮಿಸಲಾರರು ಎಂದು ಇಂಗ್ಲೆಂಡಿನ ಪೀಟರ್ ಬಾರ್ಲೋ 1811ರಲ್ಲಿ ಭವಿಷ್ಯ ನುಡಿದನು. ಮನುಷ್ಯನ ಕುತೂಹಲವನ್ನು ಅಳೆಯುವುದರಲ್ಲಿ ಆ ವಿದ್ವಾಂಸನು ಸೋತನೆಂದು ಹೇಳಬೇಕು.

ಬಾರ್ಲೋವಿನ ನಿರಾಶೆಗೆ ಕಾರಣವಿಲ್ಲದಿರಲಿಲ್ಲ. ಆಯ್ಲರನ ಮಾರ್ಗದಿಂದಲೇ 2¹²⁷ − 1ನ್ನು ಪರೀಕ್ಷಿಸಲು ಹೊರಟರೆ ಏನಾಗುವುದು? ಭಾಜಕವು 254ರ ಅಪವರ್ತ್ಯಕ್ಕಿಂತ ಒಂದು ಹೆಚ್ಚಾಗಿರಬೇಕು. ಇನ್ನೊಂದು ನಿರ್ಬಂಧದಿಂದ ಅವುಗಳಲ್ಲಿ ಅರ್ಧ ಕಳೆದುಹೋಗುತ್ತವೆ. ಆದರೂ ವರ್ಗಮೂಲವೇ ಇಪ್ಪತ್ತು ಅಂಕೆಗಳಷ್ಟು ದೊಡ್ಡದು. ಸೆಕೆಂಡಿಗೊಂದರಂತೆ ಹಗಲಿರುಳೂ ಭಾಗಿಸುತ್ತ ಕುಳಿತರೂ ಸುಮಾರು 81 ಕೋಟಿ ವರ್ಷಗಳು ಬೇಕಾಗುತ್ತವೆ. ಮೆರ್ಸೆನ್ನನ ಹೇಳಿಕೆಯನ್ನು ಸತ್ಯವೆಂದಾಗಲಿ ಅಸತ್ಯವೆಂದಾಗಲಿ ಸಾಧಿಸಲು ಭಾಜಕಗಳನ್ನು ಹುಡುಕುವ ದಾರಿಯನ್ನೇ ಬಿಡಬೇಕಾಗಿದ್ದಿತು.

ಆ ದಾರಿಯನ್ನು ಬಿಟ್ಟವನು ಲ್ಯೂಕಾಸನು. 1842ರಲ್ಲಿ ಆಮ್ಯೆಂ ನಗರದಲ್ಲಿ ಹುಟ್ಟಿದ ಅವನು ಪ್ಯಾರಿಸಿನ ವೀಕ್ಷಣಾಲಯದಲ್ಲಿ ಕೆಲವು ಕಾಲ ಕೆಲಸಮಾಡಿ, ಪ್ರಷ್ಯದೊಡನೆ ನಡೆದ ಯುದ್ಧದಲ್ಲಿ ಫಿರಂಗಿ ದಳದ ಅಧಿಕಾರಿಯಾಗಿದ್ದು, ಬಳಿಕ ಮೂಲಾಂ ಪಟ್ಟಣದಲ್ಲಿಯೂ ಅನಂತರ ಪ್ಯಾರಿಸಿನಲ್ಲಿಯೂ ಶಾಲಾ ಅಧ್ಯಾಪಕನಾಗಿ ಜೀವನ ಸಾಗಿಸಿದನು. ವಿಶ್ವವಿದ್ಯಾನಿಲಯದ ಪೀಠ ಅವನಿಗೆ ದೊರೆಯಲಿಲ್ಲ. ಗಣಿತ ವಿನೋದಗಳಲ್ಲಿ ಅವನಿಗೆ ಅಪಾರ ಪ್ರೀತಿ. ಮೂರು ಕಂಬಗಳ ನಡುವೆ ಬಿಲ್ಲೆಗಳನ್ನು ಒಂದೊಂದಾಗಿ ಸಾಗಿಸುವ, ಹನಾಯ್ ಗೋಪುರವೆಂದು ಪ್ರಸಿದ್ಧವಾದ ಆಟವನ್ನು 1883ರಲ್ಲಿ ಹೊರತಂದವನು ಇವನೇ. ಅರವತ್ತನಾಲ್ಕು ಬಿಲ್ಲೆಗಳಿದ್ದರೆ ಅದಕ್ಕೆ ಬೇಕಾಗುವ ನಡೆಗಳು 2⁶⁴ − 1. 1891ರಲ್ಲಿ ಒಂದು ಔತಣಕೂಟದಲ್ಲಿ ಒಡೆದ ತಟ್ಟೆಯ ಚೂರು ಕೆನ್ನೆಗೆ ತಗುಲಿ, ಆ ಗಾಯ ವಿಷಮಿಸಿ, ನಾಲ್ವತ್ತೊಂಬತ್ತನೆಯ ವಯಸ್ಸಿನಲ್ಲಿಯೇ ಅವನು ತೀರಿಕೊಂಡನು.

ಅವನ ಪರೀಕ್ಷಾಕ್ರಮವನ್ನು ಚಿಕ್ಕ ಉದಾಹರಣೆಯಿಂದ ತೋರಿಸಬಹುದು. ಘಾತಾಂಕ 7 ಆದಾಗ ಬರುವ 127ನ್ನೇ ತೆಗೆದುಕೊಳ್ಳೋಣ. 3ರಿಂದ ಆರಂಭಿಸಿ, ಪ್ರತಿಸಲವೂ ವರ್ಗಮಾಡಿ ಎರಡನ್ನು ಕಳೆಯಬೇಕು. 127ನ್ನು ಮೀರಿದರೆ 127ರಿಂದ ಭಾಗಿಸಿ ಶೇಷವನ್ನು ಮಾತ್ರ ಉಳಿಸಿಕೊಳ್ಳಬೇಕು. 3ರ ವರ್ಗ 9, ಎರಡು ಕಳೆದರೆ 7. ಅದರ ವರ್ಗ 49, ಎರಡು ಕಳೆದರೆ 47. ಅದರ ವರ್ಗ 2209, ಎರಡು ಕಳೆದರೆ 2207. 127ರಿಂದ ಭಾಗಿಸಿದರೆ ಶೇಷ 48. ಅದರ ವರ್ಗ 2304, ಎರಡು ಕಳೆದರೆ 2302, ಶೇಷ 16. ಅದರ ವರ್ಗ 256, ಎರಡು ಕಳೆದರೆ 254. ಇದು 127ರ ಇಮ್ಮಡಿ, ಆದುದರಿಂದ ಶೇಷ ಸೊನ್ನೆ. ಐದನೆಯ ಸಲದ ಕೊನೆಗೆ ಸೊನ್ನೆ ಬಂದುದರಿಂದ 127 ಅವಿಭಾಜ್ಯ. ಯಾವ ಭಾಜಕದಿಂದಲೂ ನಾವು ಅದನ್ನು ಭಾಗಿಸಿ ನೋಡಲಿಲ್ಲವೆಂಬುದನ್ನು ಗಮನಿಸಬೇಕು. ನಾಲ್ಕರಿಂದ ಭಾಗಿಸಿದಾಗ ಮೂರು ಶೇಷ ಬರುವ ಅವಿಭಾಜ್ಯ ಘಾತಾಂಕಗಳಿಗೆಲ್ಲ ಈ ಕ್ರಮ ಸಲ್ಲುತ್ತದೆ. 127 ಅಂತಹುದೇ ಒಂದು ಘಾತಾಂಕ. ಅದಕ್ಕೆ ಐದು ಸಲದ ಬದಲು ನೂರಿಪ್ಪತ್ತೈದು ಸಲ ವರ್ಗಮಾಡಬೇಕು. 81 ಕೋಟಿ ವರ್ಷಗಳ ಕೆಲಸವು ನೂರಿಪ್ಪತ್ತೈದು ಗುಣಾಕಾರಗಳಿಗೂ ಅಷ್ಟೇ ಭಾಗಾಕಾರಗಳಿಗೂ ಇಳಿಯಿತು. ಒಂದೊಂದು ಗುಣಾಕಾರವೂ ಎಪ್ಪತ್ತಾರು ಎಪ್ಪತ್ತೇಳು ಅಂಕೆಗಳ ಫಲವನ್ನು ಕೊಡುವಂತಹುದೆಂಬುದು ಬೇರೆ ಮಾತು.

ಇಲ್ಲಿ ಬರುವ 3, 7, 47, 2207 ಎಂಬ ಸಂಖ್ಯೆಗಳು ಫಿಬೊನಾಚಿ ಶ್ರೇಣಿಗೆ ಹತ್ತಿರದ ಬಂಧುಗಳಾದ ಒಂದು ಶ್ರೇಣಿಯಿಂದ ಆಯ್ದವು. ಆ ಬಂಧುಶ್ರೇಣಿಗೆ ಇಂದು ಲ್ಯೂಕಾಸನ ಹೆಸರೇ ಇದೆ. ಮೂಲಶ್ರೇಣಿಗೆ ಫಿಬೊನಾಚಿಯ ಹೆಸರನ್ನು ಕೊಟ್ಟವನು ಲ್ಯೂಕಾಸನು. ಮಾತ್ರಾವೃತ್ತಗಳ ಭೇದಗಳನ್ನು ಎಣಿಸುವಾಗ ನಮ್ಮ ಛಂದಶ್ಶಾಸ್ತ್ರಜ್ಞರಾದ ವಿರಹಾಂಕನೂ ಹನ್ನೆರಡನೆಯ ಶತಮಾನದ ಹೇಮಚಂದ್ರನೂ ಇದೇ ಶ್ರೇಣಿಯನ್ನು ಕಂಡಿದ್ದರೆಂಬುದು ಸುವಿದಿತ. ದೊಡ್ಡ ಘಾತವನ್ನು ವರ್ಗಕ್ರಮದಿಂದ ಬೇಗನೆ ಪಡೆಯುವ ಉಪಾಯವೂ ಪಿಂಗಲನ ಸೂತ್ರಗಳಲ್ಲಿದೆ: ಅರ್ಧಿಸಲು ಬಂದರೆ ಅರ್ಧಿಸು, ಬರದಿದ್ದರೆ ಒಂದನ್ನು ಕಳೆ; ಬಳಿಕ ಹಿಂದಿರುಗಿ ಬರುವಾಗ ಅರ್ಧಿಸಿದೆಡೆ ವರ್ಗಮಾಡು, ಕಳೆದೆಡೆ ಇಮ್ಮಡಿಸು. ಈ ಕ್ರಮದಿಂದ 2¹²⁷ನ್ನು ಪಡೆಯಲು ಆರು ವರ್ಗಗಳೂ ಏಳು ಇಮ್ಮಡಿಗಳೂ ಸಾಕು. ಲ್ಯೂಕಾಸನು ಇದನ್ನು ಭಾರತದಿಂದ ಪಡೆದನೆಂದು ಹೇಳಲು ಯಾವ ಆಧಾರವೂ ಇಲ್ಲ; ಹಾಗೆ ಹೇಳುವುದು ಚರಿತ್ರೆಯಾಗದು. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯನು ತನ್ನ ಗಣಿತಸಾರಸಂಗ್ರಹದಲ್ಲಿ ಏಕದಿಂದ ಮಹಾಕ್ಷೋಭದವರೆಗೆ ಇಪ್ಪತ್ತನಾಲ್ಕು ಸ್ಥಾನಗಳಿಗೆ ಹೆಸರು ಕೊಟ್ಟಿದ್ದಾನೆ. ನಮ್ಮ ಸಂಖ್ಯೆಯನ್ನು ಓದಲು ಇನ್ನೂ ಹದಿನೈದು ಹೆಸರುಗಳು ಬೇಕಾಗುತ್ತಿದ್ದವೆಂದು ಮಾತ್ರ ಇಲ್ಲಿ ಹೇಳಬಹುದು.

ಲೆಕ್ಕವನ್ನು ಸುಲಭಮಾಡಲು ಲ್ಯೂಕಾಸನು ಹೂಡಿದ ಉಪಾಯ ಅವನ ವಿನೋದಪ್ರಿಯತೆಗೆ ತಕ್ಕುದಾಗಿದೆ. ಸಂಖ್ಯೆಗಳನ್ನು 0 ಮತ್ತು 1 ಎಂಬ ಎರಡೇ ಅಂಕೆಗಳಲ್ಲಿ ಬರೆದು, ಒಂದೊಂದು ಪಕ್ಕಕ್ಕೂ 127 ಮನೆಗಳಿರುವ ಚದುರಂಗದ ಹಾಸಿನ ಮೇಲೆ ಕಾಯಿಗಳಿಂದ ಅದನ್ನು ತೋರಿಸಬಹುದೆಂದು ಅವನು ವಿವರಿಸಿದನು. ಕಾಯಿ ಇದ್ದ ಮನೆ ಒಂದು, ಇಲ್ಲದ ಮನೆ ಸೊನ್ನೆ. ಗುಣಿಸುವುದೆಂದರೆ ಒಂದೇ ಸಾಲನ್ನು ಮನೆಮನೆಯಾಗಿ ಸರಿಸಿ ಕೆಳಗೆ ಕೆಳಗೆ ಇಡುವುದು. ಒಂದು ಕಂಬಸಾಲಿನಲ್ಲಿ ಎರಡು ಕಾಯಿಗಳು ಕಂಡರೆ ಅವನ್ನು ತೆಗೆದು ಎಡಗಡೆಯ ಸಾಲಿನಲ್ಲಿ ಒಂದನ್ನು ಇಡಬೇಕು. ಭಾಗಾಕಾರವಂತೂ ಇಲ್ಲವೇ ಇಲ್ಲ. 2¹²⁷ನ್ನು 2¹²⁷ − 1ರಿಂದ ಭಾಗಿಸಿದರೆ ಶೇಷ ಒಂದೇ ಆದುದರಿಂದ, ಎಡದ ಅಂಚನ್ನು ದಾಟಿದ ಕಾಯಿ ಬಲದ ಮೊದಲ ಮನೆಗೆ ಬಂದು ಕೂರುತ್ತದೆ. ಚನ್ನೆಮಣೆಯಲ್ಲಿ ಕೊನೆಯ ಗುಳಿಯನ್ನು ದಾಟಿದ ಕಾಳು ಸುತ್ತಿಬಂದು ಮೊದಲ ಗುಳಿಗೆ ಬೀಳುವುದನ್ನು ಕಂಡವರಿಗೆ ಇದು ಕೂಡಲೇ ಅರ್ಥವಾಗುತ್ತದೆ. ಮುಂದೆ ವಿದ್ಯುದ್ಗಣಕಗಳು ಇದೇ ದ್ವಿಮಾನ ಪದ್ಧತಿಯಲ್ಲಿ, ಇದೇ ಸುತ್ತುವ ಯುಕ್ತಿಯಿಂದ, ಇದೇ ಪರೀಕ್ಷೆಯನ್ನು ನಡೆಸಿದವೆಂಬುದು ನೆನೆಯತಕ್ಕ ಸಂಗತಿ.

ಈಗ ಸಾಕ್ಷ್ಯದ ಪ್ರಶ್ನೆ. ನೂರಿಪ್ಪತ್ತೈದು ಮಹಾಗುಣಾಕಾರಗಳನ್ನು ಒಬ್ಬನೇ ಮನುಷ್ಯನು ಮಾಡಿದನೆಂದರೆ, ಎಲ್ಲಿಯೋ ಒಂದು ಅಂಕೆ ತಪ್ಪಿರಬಹುದೆಂಬ ಸಂಶಯ ಸಹಜ. ಹಾಗೆ ಸಂಶಯಪಟ್ಟವರೂ ಇದ್ದರು. ಆದರೆ ಈ ಪರೀಕ್ಷೆಯ ಸ್ವಭಾವವನ್ನು ಆಲೋಚಿಸಿದರೆ ಒಂದು ವಿಚಿತ್ರ ಅಂಶ ತೋರುತ್ತದೆ. ನಡುವೆ ಎಲ್ಲಿಯಾದರೂ ತಪ್ಪು ನುಸುಳಿದ್ದರೆ, ಮುಂದಿನ ವರ್ಗಗಳಲ್ಲಿ ಅದು ಬೆಳೆದು ಚೆದರಿ, ಕೊನೆಯ ಶೇಷವು ಮೂವತ್ತೆಂಟು ಮೂವತ್ತೊಂಬತ್ತು ಅಂಕೆಗಳ ಯಾವುದೋ ಒಂದು ಸಂಖ್ಯೆಯಾಗುತ್ತಿತ್ತು. ತಪ್ಪು ಲೆಕ್ಕದಿಂದ ಅಕಸ್ಮಾತ್ತಾಗಿ ಸೊನ್ನೆಯೇ ಬರುವ ಸಂಭವ ಇಲ್ಲವೆನ್ನುವಷ್ಟು ಅಲ್ಪ. ಎಂದರೆ, ಲೆಕ್ಕಿಗನು ಪ್ರಾಮಾಣಿಕನಾಗಿದ್ದರೆ ಸೊನ್ನೆಯೇ ತನ್ನ ಲೆಕ್ಕದ ಶುದ್ಧತೆಗೂ ಸಾಕ್ಷಿ. ಅವಿಭಾಜ್ಯವಲ್ಲವೆಂಬ ತೀರ್ಪಿಗೆ ಈ ಅನುಕೂಲವಿಲ್ಲ. ಸೊನ್ನೆಯಲ್ಲದ ಶೇಷ ಸರಿಯಾದ ಲೆಕ್ಕದಿಂದಲೂ ಬರುತ್ತದೆ, ತಪ್ಪು ಲೆಕ್ಕದಿಂದಲೂ ಬರುತ್ತದೆ, ಎರಡೂ ನೋಡಲು ಒಂದೇ ಬಗೆ. ಲ್ಯೂಕಾಸನ ಹೇಳಿಕೆಯನ್ನು ಮೆರ್ಸೆನ್ನನ ಹೇಳಿಕೆಯೊಡನೆ ಒಂದೇ ತಕ್ಕಡಿಯಲ್ಲಿ ತೂಗಬಾರದೆಂದು ನಾನು ಭಾವಿಸಲು ಇದೇ ಕಾರಣ.

ಆದರೂ ಎರಡು ಕೊರತೆಗಳು ಉಳಿದಿದ್ದವು. ಸೊನ್ನೆ ಬಂದರೆ ಸಂಖ್ಯೆ ಅವಿಭಾಜ್ಯವೇ ಆಗಬೇಕೆಂಬ ಸಿದ್ಧಾಂತದ ಸಾಧನೆಯಲ್ಲಿ ಲ್ಯೂಕಾಸನು ಅವಸರಪಟ್ಟು ಹಲವು ಎಡೆಗಳನ್ನು ಬಿಟ್ಟಿದ್ದನು. ಅಮೆರಿಕದ ಕಾರ್ಮೈಕೇಲ್ 1913ರಲ್ಲಿ ಅವನ್ನು ತಿದ್ದಿದನು, 1930ರಲ್ಲಿ ಡಿ. ಎಚ್. ಲೆಹ್ಮರ್ ಅದನ್ನು ದೃಢವಾದ ತಳಹದಿಯ ಮೇಲೆ ನಿಲ್ಲಿಸಿ, 3ರ ಬದಲು 4ರಿಂದ ಆರಂಭಿಸಿದರೆ ಎರಡಕ್ಕಿಂತ ದೊಡ್ಡದಾದ ಎಲ್ಲ ಅವಿಭಾಜ್ಯ ಘಾತಾಂಕಗಳಿಗೂ ಸಲ್ಲುವಂತೆ ಸರಳಗೊಳಿಸಿದನು. ಇಂದು ಇದಕ್ಕೆ ಇಬ್ಬರ ಹೆಸರೂ ಸೇರಿ ಲ್ಯೂಕಾಸ್–ಲೆಹ್ಮರ್ ಪರೀಕ್ಷೆಯೆಂದು ಹೆಸರು. ಎರಡನೆಯ ಕೊರತೆ ಮತ್ತೊಬ್ಬ ಸಾಕ್ಷಿಯದು. ಅದನ್ನು ಫ್ರಾನ್ಸಿನ ಫೋಕಾಂಬೆರ್ಗ್ ಎಂಬಾತನು 1914ರಲ್ಲಿ ನೀಗಿಸಿ, 2¹²⁷ − 1 ಅವಿಭಾಜ್ಯವೆಂದು ಸ್ಥಿರಪಡಿಸಿದನು.

ಮೆರ್ಸೆನ್ನನ ಪಟ್ಟಿಯ ಉಳಿದ ಭಾಗ ಈ ನಡುವೆ ಒಂದೊಂದಾಗಿ ಕುಸಿಯುತ್ತಿದ್ದಿತು. 1883ರಲ್ಲಿ ರಷ್ಯದ ಯೂರಲ್ ಪ್ರಾಂತದ ಹಳ್ಳಿಯ ಪಾದ್ರಿ ಇವಾನ್ ಪೆರ್ವುಶಿನ್ 61ನ್ನು ಸೇರಿಸಿದನು. ಅಮೆರಿಕದ ಪವರ್ಸ್ 1911ರಲ್ಲಿ 89ನ್ನೂ 1914ರಲ್ಲಿ 107ನ್ನೂ ಸೇರಿಸಿದನು. 67 ಸಲ್ಲದೆಂಬುದು ಲ್ಯೂಕಾಸನಿಗೆ 1876ರಲ್ಲಿಯೇ ಕಂಡಿದ್ದರೂ ಅದರ ಭಾಜಕ ಯಾವುದೆಂದು ಯಾರಿಗೂ ತಿಳಿದಿರಲಿಲ್ಲ. 1903ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಗಣಿತ ಸಂಘದ ಸಭೆಯಲ್ಲಿ ಎಫ್. ಎನ್. ಕೋಲ್ ಎಂಬ ಪ್ರಾಧ್ಯಾಪಕನು 193707721 ಮತ್ತು 761838257287 ಎಂಬಿವನ್ನು ಗುಣಿಸಿದರೆ 147573952589676412927 ಬರುವುದೆಂದು ತೋರಿಸಿದನು. ಇದೇ 2⁶⁷ − 1. ಅವನು ಒಂದು ಮಾತನ್ನೂ ಆಡದೆ ಕಪ್ಪುಹಲಗೆಯ ಮೇಲೆ ಲೆಕ್ಕ ಮಾಡಿ ಕುಳಿತನೆಂದೂ ಸಭೆ ಕರತಾಡನ ಮಾಡಿತೆಂದೂ ಪ್ರಸಿದ್ಧವಾದ ಕಥೆಯಿದೆ. ಆ ಕಥೆಯನ್ನು ಪ್ರಚುರಪಡಿಸಿದ ಇ. ಟಿ. ಬೆಲ್ಲನ ಗ್ರಂಥ ಸಭೆಗೆ ನಾಲ್ಕೈದು ದಶಕಗಳ ತರುವಾಯದ್ದು. ರಂಜಕವಾಗಿ ಬರೆಯುವುದರಲ್ಲಿ ಬೆಲ್ ನಿಪುಣನೆಂಬುದನ್ನೂ ನಾವು ಮರೆಯಲಾಗದು. ಗುಣಾಕಾರಕ್ಕೆ ಮಾತ್ರ ಬೆಲ್ಲನ ಸಾಕ್ಷ್ಯ ಬೇಕಿಲ್ಲ. ಕಾಗದವಿದ್ದರೆ ಯಾವ ವಿದ್ಯಾರ್ಥಿಯೂ ಅರ್ಧ ಗಂಟೆಯಲ್ಲಿ ಅದನ್ನು ತಾನೇ ನೋಡಿಕೊಳ್ಳಬಹುದು. ಭಾಜ್ಯವೆಂಬ ಮಾತಿಗೆ ಪ್ರತ್ಯಕ್ಷ ಪ್ರಮಾಣ ಹೀಗೆ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದಾಗಿರಬಹುದು. ಅವಿಭಾಜ್ಯವೆಂಬ ಮಾತಿಗೆ ಅಂತಹುದನ್ನು ಒದಗಿಸುವುದು ಕಷ್ಟ. ಪ್ರತಿಯೊಂದು ಅವಿಭಾಜ್ಯಕ್ಕೂ ಬೇಗನೆ ಪರಿಶೀಲಿಸಬಲ್ಲ ಒಂದು ಸಂಕ್ಷಿಪ್ತ ಪ್ರಮಾಣಪತ್ರವನ್ನು ಬರೆಯಲು ಸಾಧ್ಯವೆಂದು ವಾನ್ ಪ್ರ್ಯಾಟ್ ತೋರಿಸಿದುದು 1975ರಲ್ಲಿ.

257ರ ಕಥೆ ಇದಕ್ಕೆ ತಿರುಗುಮುರುಗು. 1920ರ ದಶಕದಲ್ಲಿ ಕ್ರೈಚಿಕ್ ಮತ್ತು ಲೆಹ್ಮರ್ ಅದು ಸಲ್ಲದೆಂದು ಲೆಕ್ಕದಿಂದ ಸಾರಿದರು. ಆದರೆ ಅವರ ಕೈಯಲ್ಲಿದ್ದುದು ಸೊನ್ನೆಯಲ್ಲದ ಒಂದು ಶೇಷವೇ ಹೊರತು ಭಾಜಕವಲ್ಲ. 535006138814359 ಎಂಬ ಅದರ ಅತ್ಯಂತ ಚಿಕ್ಕ ಭಾಜಕ ಕೈಗೆ ಸಿಕ್ಕಿದುದು ಅರ್ಧ ಶತಮಾನದ ಬಳಿಕ, ಗಣಕಯಂತ್ರಗಳ ಕಾಲದಲ್ಲಿ. ಉಳಿದ ಘಾತಾಂಕಗಳನ್ನು ಊಲರ್ ಮೊದಲಾದವರು ಮೇಜಿನ ಲೆಕ್ಕಯಂತ್ರಗಳಿಂದ ಪರಿಶೀಲಿಸಿ ಮುಗಿಸಿದುದರಿಂದ, 1947ರ ವೇಳೆಗೆ ಮೆರ್ಸೆನ್ನನ ಪಟ್ಟಿ ಪೂರ್ಣವಾಗಿ ಇತ್ಯರ್ಥವಾಯಿತು. ಮುನ್ನೂರ ಮೂರು ವರ್ಷಗಳಲ್ಲಿ ಹೊರಬಿದ್ದ ತಪ್ಪುಗಳು ಐದು. ಅಷ್ಟಾದರೂ ಈ ವರ್ಗದ ಸಂಖ್ಯೆಗಳಿಗೆ ಮೆರ್ಸೆನ್ ಸಂಖ್ಯೆಗಳೆಂದೇ ಹೆಸರು ನಿಂತಿತು.

1951ರಲ್ಲಿ ನಮ್ಮ ಸಂಖ್ಯೆಯ ಅಗ್ರಸ್ಥಾನ ಹೋಯಿತು. ಫೆರಿಯೆ ಎಂಬಾತನು ಮೇಜಿನ ಲೆಕ್ಕಯಂತ್ರದಿಂದ 2¹⁴⁸ + 1 ಎಂಬುದನ್ನು 17ರಿಂದ ಭಾಗಿಸಿದಾಗ ಬರುವ 44 ಅಂಕೆಗಳ ಸಂಖ್ಯೆ ಅವಿಭಾಜ್ಯವೆಂದು ತೋರಿಸಿದನು. ಅದೇ ವರ್ಷ ಕೇಂಬ್ರಿಜಿನಲ್ಲಿ ಮಿಲ್ಲರ್ ಮತ್ತು ವೀಲರ್ ಎಡ್ಸ್ಯಾಕ್ ಎಂಬ ವಿದ್ಯುದ್ಗಣಕದಿಂದ 79 ಅಂಕೆಗಳ ಅವಿಭಾಜ್ಯವೊಂದನ್ನು ಕಂಡರು. ಅದು 2¹²⁷ − 1ನ್ನು ವರ್ಗಮಾಡಿ, 180ರಿಂದ ಗುಣಿಸಿ, ಒಂದನ್ನು ಕೂಡಿಸಿದರೆ ಬರುವ ಸಂಖ್ಯೆ. ಲ್ಯೂಕಾಸನ ಸಂಖ್ಯೆಯನ್ನು ಪದಚ್ಯುತಗೊಳಿಸಲು ಅದರ ಹೆಗಲನ್ನೇ ಏರಬೇಕಾಯಿತು. 1952ರ ಜನವರಿ 30ರಂದು ಲಾಸ್ ಏಂಜಲಿಸಿನ ಸ್ವ್ಯಾಕ್ ಯಂತ್ರವು ರಾಫೆಲ್ ರಾಬಿನ್ಸನ್ ಬರೆದುಕೊಟ್ಟ ಆದೇಶಗಳಂತೆ ಲ್ಯೂಕಾಸ್–ಲೆಹ್ಮರ್ ಪರೀಕ್ಷೆಯನ್ನು ನಡೆಸಿ, 521 ಮತ್ತು 607 ಎಂಬ ಎರಡು ಹೊಸ ಘಾತಾಂಕಗಳನ್ನು ಒಂದೇ ದಿನ ಹೊರಗೆಡಹಿತು. ಅದೇ ವರ್ಷದೊಳಗೆ ಇನ್ನೂ ಮೂರು ದೊರೆತವು. 2002ರಲ್ಲಿ ಕಾನ್ಪುರದ ಭಾರತೀಯ ತಂತ್ರಜ್ಞಾನ ಸಂಸ್ಥೆಯ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ ಅವರು ಯಾವ ಬಗೆಯ ಸಂಖ್ಯೆಯನ್ನಾದರೂ ಮಿತವಾದ ಹೆಜ್ಜೆಗಳಲ್ಲಿ ನಿಸ್ಸಂಶಯವಾಗಿ ಪರೀಕ್ಷಿಸುವ ಕ್ರಮವನ್ನು ಕೊಟ್ಟರು. ಮೆರ್ಸೆನ್ ಸಂಖ್ಯೆಗಳಿಗೆ ಮಾತ್ರ ಲ್ಯೂಕಾಸನ ಹಳೆಯ ದಾರಿಯೇ ಹೆಚ್ಚು ವೇಗದ್ದು. 2024ರ ಅಕ್ಟೋಬರಿನಲ್ಲಿ ಪ್ರಕಟವಾದ 2¹³⁶²⁷⁹⁸⁴¹ − 1 ಎಂಬ ಅವಿಭಾಜ್ಯದ ಅಂಕೆಗಳ ಸಂಖ್ಯೆಯೇ 41024320. ಅದನ್ನು ಒಪ್ಪಿಕೊಳ್ಳುವ ಮುನ್ನ ಬೇರೆ ಬೇರೆ ಯಂತ್ರಗಳಲ್ಲಿ, ಬೇರೆ ಬೇರೆ ಕ್ರಮವಿಧಿಗಳಿಂದ ಮತ್ತೆ ಮತ್ತೆ ಲೆಕ್ಕ ಮಾಡಿಸಲಾಯಿತು. ಎರಡನೆಯ ಸಾಕ್ಷಿಯ ಅಗತ್ಯ ಯಂತ್ರ ಬಂದುದರಿಂದ ತಪ್ಪಲಿಲ್ಲ.

1876ರಲ್ಲಿಯೇ ಎತ್ತಿದ ಒಂದು ಪ್ರಶ್ನೆ ಉಳಿದಿದೆ. ಘಾತಾಂಕ 2 ಆದರೆ 3, ಆ 3ನ್ನು ಘಾತಾಂಕ ಮಾಡಿದರೆ 7, 7ರಿಂದ 127, 127ರಿಂದ ನಮ್ಮ ಸಂಖ್ಯೆ. ನಾಲ್ಕೂ ಅವಿಭಾಜ್ಯಗಳೇ. ಲ್ಯೂಕಾಸನ ಪ್ರಕಟಣೆಯನ್ನು ಕಂಡ ಬೆಲ್ಜಿಯಂನ ಕತಲಾನ್ ಈ ಸರಪಳಿಯನ್ನು ಗುರುತಿಸಿ, ಮುಂದಿನ ಕೊಂಡಿಯೂ ಹೀಗೆಯೇ ಆಗಬಹುದೆಂದು ಸೂಚಿಸಿದನು. ಆ ಮುಂದಿನ ಸಂಖ್ಯೆಯಲ್ಲಿರುವ ಅಂಕೆಗಳನ್ನು ಎಣಿಸಲು ಹೊರಟರೆ ಆ ಎಣಿಕೆಗೇ ಮೂವತ್ತೆಂಟು ಅಂಕೆಗಳಾಗುತ್ತವೆ. ಅದನ್ನು ಬರೆದಿಡಲು ಸಾಲುವಷ್ಟು ಸ್ಥಳ ಭೂಮಿಯ ಮೇಲಿಲ್ಲ; ಲ್ಯೂಕಾಸನ ಪರೀಕ್ಷೆಗೆ ಅದನ್ನು ಒಳಪಡಿಸುವ ಮಾತೇ ಇಲ್ಲ. ಅದಕ್ಕೆ ಭಾಜಕವೇನಾದರೂ ಇದ್ದರೆ, ಫರ್ಮಾನ ನಿಯಮದಂತೆ ಅದು 170141183460469231731687303715884105727ರ ಇಮ್ಮಡಿಯ ಒಂದು ಅಪವರ್ತ್ಯಕ್ಕಿಂತ ಒಂದು ಹೆಚ್ಚಾಗಿರಬೇಕು. ಅಂತಹ ಸಂಖ್ಯೆಗಳನ್ನು ಒಂದೊಂದಾಗಿ ಯಂತ್ರಗಳಿಂದ ಭಾಗಿಸಿ ನೋಡುವ ಕೆಲಸ ನಡೆದಿದೆ. ಭಾಜಕ ಇದುವರೆಗೆ ದೊರೆತಿಲ್ಲ.